ಹಳೇ ಮನೆ ಮೇಲೆ ಇನ್ನೊಂದು ಮಹಡಿ: ವಿಮೆ ಯಾವುದಕ್ಕೆ ಸಿಗುತ್ತದೆ, ಗಟ್ಟಿತನ ಯಾರು ನೋಡಬೇಕು?

ಮೈಸೂರು_ಮಾಳಿಗೆ
ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮದು 30x40 ಸೈಟಿನ ಮನೆ. ಮಾವನವರು 1994ರಲ್ಲಿ ಕಟ್ಟಿಸಿದ್ದು. ನೆಲಮಹಡಿ ಮಾತ್ರ, ಹತ್ತಿರ ಹತ್ತಿರ 8 ಚದರ. ಸೈಜುಗಲ್ಲಿನ ಪಾಯ, 9 ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಮುಂದಿನ ಪೋರ್ಟಿಕೋದಲ್ಲಿ ಮಾತ್ರ ಎರಡು ಕಾಲಂ ಇವೆ. ಅವುಗಳ ಕಂಬಿಯನ್ನು ತಾರಸಿ ಮೇಲೆ ಹಾಗೇ ಬಿಟ್ಟಿದ್ದಾರೆ, ತುಕ್ಕು ಹಿಡಿದು ನಿಂತಿವೆ.

ಈಗ ಮೇಲೆ ಎರಡು ರೂಮು, ಒಂದು ಬಾತ್‌ರೂಮು, ಸಣ್ಣ ಅಡುಗೆಮನೆ ಕಟ್ಟಬೇಕು ಅಂತಿದ್ದೇವೆ. ಮೇಸ್ತ್ರಿ ಬಂದು ಗೋಡೆಗೆ ಎರಡು ಸಲ ಕೈಯಲ್ಲಿ ತಟ್ಟಿ, "ಇನ್ನೂ ಎರಡು ಫ್ಲೋರ್ ಬೇಕಾದರೂ ಎಳೆಯಬಹುದು ಮೇಡಂ" ಅಂದರು. ಪರೀಕ್ಷೆ ಅಷ್ಟಕ್ಕೇ ಮುಗಿಯಿತು.

ನನ್ನ ಚಿಂತೆ ಎರಡು. ಕೆಲಸ ನಡೆಯುವಾಗ ಕೆಳಗಿನ ಮನೆಗೆ ಏನಾದರೂ ಆದರೆ ವಿಮೆ ಕೊಡುತ್ತಾರಾ? ಕೆಲಸವೇ ಕಳಪೆಯಾಗಿ ಬಿರುಕು ಬಿಟ್ಟರೆ? ಅತ್ತೆಗೆ ಓಡಾಡುವುದು ಕಷ್ಟ, ಹಾಗಾಗಿ ನಾವು ಮನೆ ಬದಲಿಸದೆ ಕೆಳಗೇ ಇರುತ್ತೇವೆ. ಬ್ಯಾಂಕಿನವರು ಮಾಡಿಸಿದ ವಿಮೆ ಒಂದಿದೆ.

ಪಾಲಿಸಿ_ಪುಟ
ಮೇಡಂ, ಮೊದಲು ಆ "ಬ್ಯಾಂಕಿನವರು ಮಾಡಿಸಿದ ವಿಮೆ" ಯಾವುದು ಅಂತ ತೆಗೆದು ನೋಡಿ. ಸಾಲದ ಜೊತೆ ಕೊಡುವ ಪಾಲಿಸಿಗಳಲ್ಲಿ ಎಷ್ಟೋ ಮನೆಗೆ ಸಂಬಂಧಪಟ್ಟಿದ್ದೇ ಅಲ್ಲ. ಸಾಲ ತೆಗೆದವರು ತೀರಿಕೊಂಡರೆ ಸಾಲ ಕಟ್ಟಿಕೊಡುವ ಜೀವ ವಿಮೆ ಅದು. ಗೋಡೆ ಬಿದ್ದರೆ ಅದರಿಂದ ಒಂದು ಇಟ್ಟಿಗೆಯೂ ಬರುವುದಿಲ್ಲ.

ಮೈಸೂರು_ಮಾಳಿಗೆ
ಈಗಷ್ಟೇ ಬೀರು ತೆಗೆದು ನೋಡಿದೆ ಸರ್. ಎರಡು ಪೇಪರ್ ಇವೆ. ಒಂದು ನೀವು ಹೇಳಿದ ಹಾಗೆ ನಮ್ಮ ಯಜಮಾನರ ಹೆಸರಿನ ಜೀವ ವಿಮೆ. ಇನ್ನೊಂದರ ಮೇಲೆ "ಭಾರತ್ ಗೃಹ ರಕ್ಷಾ" ಅಂತಿದೆ.

ಪಾಲಿಸಿ_ಪುಟ
ಹಾಗಿದ್ದರೆ ಒಳ್ಳೆಯದು. ನಾನು ಜನರಲ್ ಇನ್ಶೂರೆನ್ಸ್‌ನಲ್ಲಿದ್ದು ನಿವೃತ್ತನಾದವನು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಭಾರತ್ ಗೃಹ ರಕ್ಷಾ 2021ರ ಏಪ್ರಿಲ್ 1ರಿಂದ ಬಂದ ಪಾಲಿಸಿ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ, ಎಲ್ಲ ಕಂಪನಿಗಳೂ ಒಂದೇ ಷರತ್ತಿನಲ್ಲಿ ಮಾರಬೇಕು ಅಂತ ಆಗ ಹೇಳಿತ್ತು. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ವಾಹನ ಬಂದು ಗುದ್ದುವುದು, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆಯುವುದು, ಗಲಭೆ, ಹೀಗೆ ಒಂದು ಪಟ್ಟಿ ಇದೆ. ಪಟ್ಟಿಯಲ್ಲಿ ಇರುವುದರಿಂದ ನಷ್ಟವಾದರೆ ದುಡ್ಡು. ಇಲ್ಲದ್ದರಿಂದ ಆದರೆ ಇಲ್ಲ. "ಮೇಸ್ತ್ರಿ ಸಿಮೆಂಟು ಕಡಿಮೆ ಹಾಕಿದ" ಅನ್ನುವುದು ಆ ಪಟ್ಟಿಯಲ್ಲೇ ಇಲ್ಲ.

ನೆಲ ಕುಸಿತ ಪಟ್ಟಿಯಲ್ಲಿ ಇದೆ ಅಂದೆನಲ್ಲ, ಅದರ ಕೆಳಗಿನ ಸಣ್ಣಕ್ಷರ ಓದಿ. ಹೊಸ ಕಟ್ಟಡ ಕೂರುವಾಗ ಬರುವ ಮಾಮೂಲಿ ಬಿರುಕಿಗೆ ಇಲ್ಲ. ಮಣ್ಣು ತುಂಬಿಸಿದ ಜಾಗ ಕೂತರೆ ಇಲ್ಲ. ತಪ್ಪು ಡಿಸೈನ್, ಕಳಪೆ ಕೆಲಸ, ಕಳಪೆ ಸಾಮಾನು ಇದ್ದರೆ ಇಲ್ಲ. ಕೆಡವುವುದು, ಕಟ್ಟುವುದು, ಕಟ್ಟಡದ ರಚನೆ ಬದಲಿಸುವುದು, ಅಗೆಯುವುದು ಕಾರಣವಾದರೂ ಇಲ್ಲ. ನೀವು ಮಾಡಲು ಹೊರಟಿರುವುದರಲ್ಲಿ ಅರ್ಧಕ್ಕರ್ಧ ಇದರಲ್ಲೇ ಬಂತು, ಅಲ್ವಾ?

ಇನ್ನೊಂದು ವಿಷಯ. ಕಟ್ಟಡಕ್ಕೆ ಏನೇ ಸೇರಿಸಿದರೂ, ಮಾರ್ಪಾಡು ಮಾಡಿದರೂ ಕಂಪನಿಗೆ ತಿಳಿಸಬೇಕು. ಇಮೇಲ್ ಮಾಡಿ, ಉತ್ತರ ತರಿಸಿಕೊಂಡು ಇಟ್ಟುಕೊಳ್ಳಿ. ಏಜೆಂಟರಿಗೆ ಫೋನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ನಂಜನಗೂಡು_ನಾನು
ಅಂದರೆ ಕಟ್ಟುವಾಗ ವಿಮೆಯೇ ಇಲ್ಲ ಅಂತಾನಾ ಸರ್?

ಪಾಲಿಸಿ_ಪುಟ
ಇದೆ, ಆದರೆ ಅದು ಬೇರೆ ಪಾಲಿಸಿ. ರಾತ್ರಿ ಬರೆಯುತ್ತೇನೆ. ಅದಕ್ಕೆ ಮೊದಲು ಯಾರಾದರೂ ಇಂಜಿನಿಯರ್ ಇದ್ದರೆ ಪಾಯದ ವಿಷಯ ಹೇಳಲಿ. ವಿಮೆಗಿಂತ ಮೊದಲು ಬರಬೇಕಾದ ಮಾತು ಅದು.

ಕಂಬಿ_ಕಾಂಕ್ರೀಟ್
ಸ್ಟ್ರಕ್ಚರಲ್ ಇಂಜಿನಿಯರ್, ಬೆಂಗಳೂರಿನಲ್ಲಿದ್ದೇನೆ. ಮೇಡಂ, ನಿಮ್ಮದು ಲೋಡ್ ಬೇರಿಂಗ್ ಮನೆ. ಅಂದರೆ ಭಾರವೆಲ್ಲ ಗೋಡೆಗಳ ಮೂಲಕವೇ ಪಾಯಕ್ಕೆ ಇಳಿಯುತ್ತದೆ. ಇಂಥ ಮನೆ ಮೇಲೆ ಒಂದು ಮಹಡಿ ಕಟ್ಟಬಾರದು ಅಂತೇನಿಲ್ಲ. ಎಷ್ಟೋ ಮನೆಗಳು ಹಾಗೇ ಚೆನ್ನಾಗಿ ನಿಂತಿವೆ. ಆದರೆ ಗೋಡೆ ತಟ್ಟಿ ಹೇಳುವುದಲ್ಲ ಅದು.

ಮೊದಲು ಹೊರಗೋಡೆಯ ಪಕ್ಕ ಒಂದೆರಡು ಕಡೆ ಗುಂಡಿ ತೆಗೆಸಿ ಪಾಯ ನೋಡಬೇಕು. ಎಷ್ಟು ಆಳಕ್ಕೆ ಹೋಗಿದೆ, ತಳದಲ್ಲಿ ಎಷ್ಟು ಅಗಲ, ಕೆಳಗೆ ಗಟ್ಟಿ ನೆಲವಾ ಅಥವಾ ತುಂಬಿಸಿದ ಮಣ್ಣಾ, ಇದೆಲ್ಲ ಗೊತ್ತಾಗಬೇಕು. ಇಡೀ ಮನೆ ಸುತ್ತ ಒಂದೇ ಸಲ ಅಗೆಯಬೇಡಿ. ಒಂದು ಕಡೆ ನೋಡಿ, ಮುಚ್ಚಿ ದಮ್ಮಸ್ಸು ಮಾಡಿ, ಆಮೇಲೆ ಇನ್ನೊಂದು ಕಡೆ.

ಭಾರದ ಲೆಕ್ಕ ಒಂದು ಸಲ ನೋಡಿ. 10 ಅಡಿ ಎತ್ತರದ 9 ಇಂಚಿನ ಇಟ್ಟಿಗೆ ಗೋಡೆ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 1,300 ಕಿಲೋ ತೂಗುತ್ತದೆ. 5 ಇಂಚು ದಪ್ಪದ ತಾರಸಿ ಒಂದು ಚದರ ಮೀಟರಿಗೆ 300 ಕಿಲೋ ಮೇಲೆ. ಜನ, ಮಂಚ, ಬೀರು ಅಂತ ಐಎಸ್ 875ರ (ಕಟ್ಟಡದ ಮೇಲಿನ ಭಾರಕ್ಕಿರುವ ಭಾರತೀಯ ಮಾನಕ) ಪ್ರಕಾರ ಇನ್ನೂ 200 ಕಿಲೋ ಹಿಡಿಯಬೇಕು. ಅದಕ್ಕೇ ಮೇಲಿನ ಒಳಗೋಡೆಗಳಿಗೆ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ಇರುವ ಹಗುರ ಸಿಮೆಂಟ್ ಬ್ಲಾಕ್) ಹಾಕಿ ಅನ್ನುವುದು. ಇಟ್ಟಿಗೆಯ ಮೂರನೇ ಒಂದು ಭಾಗದಷ್ಟು ತೂಕ. ಮೇಲಿನ ದಪ್ಪ ಗೋಡೆಗಳು ಕೆಳಗಿನ ಗೋಡೆಗಳ ನೇರಕ್ಕೇ ಬರಬೇಕು. ರೂಮು ದೊಡ್ಡದಾಗಲಿ ಅಂತ ಗೋಡೆಯನ್ನು ಮೂರು ಅಡಿ ಸರಿಸಿದರೆ ಅದು ತಾರಸಿಯ ನಡುಮಧ್ಯ ಕೂರುತ್ತದೆ. 1994ರ ತಾರಸಿಗೆ ಆ ಕೆಲಸ ಕೊಟ್ಟಿರುವುದಿಲ್ಲ.

ಪೋರ್ಟಿಕೋದ ಕಂಬಿ: 30 ವರ್ಷ ಮಳೆ ಬಿಸಿಲಿಗೆ ನಿಂತ ಕಂಬಿಯನ್ನು ನೋಡದೆ ಬಳಸಬೇಡಿ. ವೈರ್ ಬ್ರಷ್‌ನಿಂದ ಉಜ್ಜಿದಾಗ ತುಕ್ಕಿನ ಪುಡಿ ಮಾತ್ರ ಉದುರಿದರೆ ಪರವಾಗಿಲ್ಲ. ಪದರ ಪದರವಾಗಿ ಎದ್ದು ಕಂಬಿ ಸಣ್ಣಗಾಗಿದ್ದರೆ, ಗುಳಿ ಬಿದ್ದಿದ್ದರೆ ಅದು ಕೆಲಸಕ್ಕೆ ಬಾರದು. ಆಗ ಗಟ್ಟಿ ಕಾಂಕ್ರೀಟ್ ಸಿಗುವ ತನಕ ಒಡೆದು, ಹೊಸ ಕಂಬಿಯನ್ನು ಕೆಮಿಕಲ್ ಹಾಕಿ ಕೂರಿಸುವ ವಿಧಾನ ಇದೆ. ಅದನ್ನೂ ಡಿಸೈನ್ ಮಾಡಿದವರೇ ಹೇಳಬೇಕು.

ಹಳೇ ಕಾಂಕ್ರೀಟ್‌ಗೆ ಸುಲಭದ ಒಂದು ಪರೀಕ್ಷೆ ಇದೆ. ಸಣ್ಣ ಚೂರು ಒಡೆದು, ಹೊಸದಾಗಿ ಕಾಣುವ ಮೈಗೆ ಫಿನಾಫ್ಥಲೀನ್ ದ್ರಾವಣ ಸಿಂಪಡಿಸುತ್ತಾರೆ. ಗುಲಾಬಿ ಬಣ್ಣ ಬಂದ ಕಡೆ ಕಾಂಕ್ರೀಟ್ ಕಂಬಿಯನ್ನು ಇನ್ನೂ ಕಾಪಾಡುತ್ತಿದೆ ಅಂತ. ಬಣ್ಣ ಬರದ ಭಾಗ ಕಂಬಿ ತನಕ ಇಳಿದಿದ್ದರೆ ಒಳಗೆ ತುಕ್ಕು ಶುರುವಾಗುವ ಹೊತ್ತು ಬಂದಿದೆ. ಹ್ಯಾಮರ್ ಟೆಸ್ಟ್ ಅಂತ ಹೇಳುತ್ತಾರಲ್ಲ, ಅದು ಮೇಲ್ಮೈಯ ಗಟ್ಟಿತನ ಮಾತ್ರ ತೋರಿಸುತ್ತದೆ. ಅನುಮಾನ ಬಂದರೆ ಕೋರ್ ತೆಗೆಸಿ, ಅಂದರೆ ಕಾಂಕ್ರೀಟ್ ಕೊರೆದು ತುಂಡು ತೆಗೆದು ಪರೀಕ್ಷಿಸುವುದು.

ಮತ್ತೆ ದಯವಿಟ್ಟು, "ಹೇಗೂ ಕೆಲಸ ನಡೆಯುತ್ತಿದೆ, ಕೆಳಗಿನ ಹಾಲ್ ದೊಡ್ಡದು ಮಾಡಿಬಿಡೋಣ" ಅಂತ ಕೆಳಗಿನ ಗೋಡೆ ಒಡೆಸಬೇಡಿ. ಮೇಲೆ ಭಾರ ಹೆಚ್ಚಿಸುತ್ತಾ ಕೆಳಗಿನ ಆಧಾರ ಕಿತ್ತ ಹಾಗೆ ಅದು. ನಾನು ನೋಡಿದ ಕೆಟ್ಟ ಕೇಸುಗಳಲ್ಲಿ ಹೆಚ್ಚಿನವು ಹೀಗೇ ಶುರುವಾದವು.

ಹಳೇಕಾಲ_ಹನುಮ
ಇದೆಲ್ಲ ಸ್ವಲ್ಪ ಜಾಸ್ತಿ ಆಯ್ತು ಅನ್ನಿಸುತ್ತದೆ. 8 ಚದರ ಕಟ್ಟಲು ಇಷ್ಟೊಂದು ಟೆಸ್ಟ್ ಯಾಕೆ? ನಮ್ಮ ಅಪ್ಪ ಯಾವ ಇಂಜಿನಿಯರ್‌ನೂ ಕರೆಯದೆ ಮೇಲೆ ಮಹಡಿ ಕಟ್ಟಿಸಿದರು. ಇವತ್ತಿಗೂ ಒಂದು ಬಿರುಕಿಲ್ಲ. ಇಂಜಿನಿಯರ್‌ಗಳು ಸುಮ್ನೆ ಹೆದರಿಸಿ ಫೀಸು ಮಾಡಿಕೊಳ್ಳುತ್ತಾರೆ.

ಕಂಬಿ_ಕಾಂಕ್ರೀಟ್
ನಿಮ್ಮ ಅಪ್ಪನ ಮೇಸ್ತ್ರಿ ಒಳ್ಳೆಯವರಿದ್ದಿರಬೇಕು, ನೆಲವೂ ಗಟ್ಟಿ ಇದ್ದಿರಬೇಕು ಸರ್. ನಿಂತ ಮನೆಗಳಷ್ಟೇ ನಮಗೆ ಕಾಣುತ್ತವೆ.

ಹುಬ್ಬಳ್ಳಿ_ಹಂಚು
ಹನುಮ ಅಣ್ಣಾ, ನಮ್ಮ ಕಡೆ ಬಂದು ಹೇಳಿ ಈ ಮಾತು! ಇಲ್ಲಿ ಎರೆ ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ. ಒಂದು ಮಹಡಿ ಹೇಗೋ ನಿಂತಿದ್ದರೂ ಅದು ವರ್ಷಾವರ್ಷ ಏಳುತ್ತಾ ಕೂರುತ್ತಾ ಇರುತ್ತದೆ.

ನಮಗೆ ಇಂಜಿನಿಯರ್ ಹೇಳಿಕೊಟ್ಟಿದ್ದು ಒಂದಿದೆ. ಹಳೇ ಬಿರುಕಿನ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ತೆಳು ಪಟ್ಟಿ ಹಚ್ಚಿ, ಅದರ ಮೇಲೆ ತಾರೀಖು ಬರೆದಿಡುವುದು. ಮಳೆಗಾಲ ಕಳೆದ ಮೇಲೆ ಪಟ್ಟಿ ಸೀಳಿದ್ದರೆ ಬಿರುಕು ಇನ್ನೂ ಜೀವಂತ ಇದೆ ಅಂತ ಅರ್ಥ. ಅಂಥ ಮನೆ ಮೇಲೆ ಭಾರ ಹೇರಬಾರದು. ನಾವು ಮೇಲೆ ಕಟ್ಟುವ ಯೋಚನೆ ಬಿಟ್ಟು ಹಿತ್ತಲಲ್ಲಿ ಬೇರೆ ಪಾಯದ ಮೇಲೆ ರೂಮು ಎಬ್ಬಿಸಿದೆವು. ಹೊಸ ಗೋಡೆಯನ್ನು ಹಳೇ ಗೋಡೆಗೆ ಕಟ್ಟಿ ಹಾಕಲಿಲ್ಲ, ಮಧ್ಯೆ ಸಂದು ಬಿಟ್ಟೆವು. ಎರಡೂ ತಮ್ಮ ಪಾಡಿಗೆ ತಾವು ಅಲುಗಾಡಲಿ ಅಂತ.

ಧಾರವಾಡದ ಕುಮಾರೇಶ್ವರ ನಗರದಲ್ಲಿ 2019ರ ಮಾರ್ಚ್‌ನಲ್ಲಿ ಬಿದ್ದ ಕಟ್ಟಡ ನೆನಪಿದೆಯಾ? ಮೇಲೆ ಕೆಲಸ ನಡೆಯುತ್ತಿತ್ತು, ಕೆಳಗೆ ಅಂಗಡಿಗಳು ತೆರೆದಿದ್ದವು. 19 ಜನ ಹೋದರು. ಕೆಲಸ ನಡೆಯುವಾಗ ಕೆಳಗೇ ಇರುತ್ತೇವೆ ಅನ್ನುವವರು ಅದನ್ನು ನೆನಪಿಟ್ಟುಕೊಳ್ಳಬೇಕು.

ಮೈಸೂರು_ಮಾಳಿಗೆ
ಓದಿ ರಾತ್ರಿ ನಿದ್ದೆ ಬರಲ್ಲ ಈಗ 🙂 ಆದರೆ ಹೇಳಿದ್ದು ಒಳ್ಳೆಯದಾಯ್ತು. ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕುವ ವಾರವಾದರೂ ಅತ್ತೆಯವರನ್ನು ನಾದಿನಿ ಮನೆಗೆ ಕಳಿಸುವ ಯೋಚನೆ ಬಂತು.

ಗಾರೆ_ಮನೆತನ
ನಮ್ಮಪ್ಪ ಮೇಸ್ತ್ರಿ, ನಾನೂ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವ ತನಕ ಹೊರುವ ಹಲಗೆ, ಆಧಾರ) ಕೆಲಸ ಮಾಡಿಯೇ ಓದಿದವನು. ಮೇಸ್ತ್ರಿಗಳನ್ನೇ ಬೈಯಬೇಡಿ, ಮನೆಯವರ ಅವಸರವೂ ಇರುತ್ತದೆ. "ಗೃಹಪ್ರವೇಶದ ಮುಹೂರ್ತ ಇಟ್ಟಾಗಿದೆ, ಬೇಗ ಸೆಂಟ್ರಿಂಗ್ ಬಿಚ್ಚಿ" ಅಂತ ಹೇಳುವವರು ಯಾರು?

ಮೋಲ್ಡ್ ದಿನ ನೀವು ನಿಂತು ನೋಡಬೇಕಾದ್ದು ನೀರು. ಎಂ20 ಅನ್ನುವ ಗಟ್ಟಿತನದ ದರ್ಜೆಯ ಕಾಂಕ್ರೀಟ್‌ಗೆ ಒಂದು ಮೂಟೆ ಸಿಮೆಂಟಿಗೆ ಹೆಚ್ಚೆಂದರೆ 30 ಲೀಟರ್ ಅಂತ ಕಾಂಕ್ರೀಟ್‌ನ ಮಾನಕ ಐಎಸ್ 456ರಲ್ಲಿದೆ. ಒದ್ದೆ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಇದ್ದರೆ ಅದರಲ್ಲಿರುವ ನೀರೂ ಇದರಲ್ಲೇ ಲೆಕ್ಕ. ಸೈಟಿನಲ್ಲಿ ಯಾರೂ ಅಳೆಯುವುದಿಲ್ಲ, ಪೈಪ್ ಹಿಡಿಯುತ್ತಾರೆ. ನೀರು ಜಾಸ್ತಿ ಇದ್ದರೆ ಬಾಂಡ್ಲಿಯಿಂದ ಸಲೀಸಾಗಿ ಜಾರುತ್ತದೆ, ಆಳುಗಳಿಗೆ ಸುಲಭ. ಒಣಗಿದ ಮೇಲೆ ಒಳಗೆಲ್ಲ ತೂತು.

ಜಲ್ಲಿ, ಮರಳನ್ನು ಬಾಂಡ್ಲಿ ಲೆಕ್ಕದಲ್ಲಿ ಹಾಕಿದರೆ ಒಬ್ಬ ತುಂಬಿಸಿ ತರುತ್ತಾನೆ, ಇನ್ನೊಬ್ಬ ಮುಕ್ಕಾಲು. ಅಳತೆ ಪೆಟ್ಟಿಗೆ ಮಾಡಿಸಿ. ಕಂಬಿಯನ್ನು ತಳದಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟರೆ ಒಪ್ಪಬೇಡಿ, ತುಳಿದಾಡುವಾಗ ಜಾರಿ ಕಂಬಿ ತಳಕ್ಕೆ ಕೂರುತ್ತದೆ. ಆಮೇಲೆ ತಾರಸಿ ತಳದಿಂದ ಪ್ಲಾಸ್ಟರ್ ಉದುರುವುದು ಅದಕ್ಕೇ.

ಸೆಂಟ್ರಿಂಗ್ ಆಧಾರ ತೆಗೆಯುವುದು: 15 ಅಡಿ ಒಳಗಿನ ತಾರಸಿಗೆ 7 ದಿನ, ಅದಕ್ಕಿಂತ ಅಗಲ ಇದ್ದರೆ 14 ದಿನ. 20 ಅಡಿ ತನಕದ ಬೀಮ್‌ಗೆ 14 ದಿನ, ಅದರ ಮೇಲೆ 21. ಇದು ಕನಿಷ್ಠ. ನಮ್ಮಪ್ಪ ಇದಕ್ಕಿಂತ ಜಾಸ್ತಿಯೇ ಬಿಡುತ್ತಾರೆ. ಪಿಪಿಸಿ (ಪೊಜೋಲಾನಾ ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ ನೀರು ನಿಲ್ಲಿಸಿ. ಬೆಳಿಗ್ಗೆ ಸಂಜೆ ಪೈಪಿನಲ್ಲಿ ಚಿಮುಕಿಸುವುದಕ್ಕೆ ಕ್ಯೂರಿಂಗ್ ಅನ್ನುವುದಿಲ್ಲ.

ಅದೇ ಕಾಂಕ್ರೀಟ್‌ನಿಂದ ಪರೀಕ್ಷೆಯ ಕ್ಯೂಬ್ ಹಾಕಿಸಿ, 28 ದಿನಕ್ಕೆ ಲ್ಯಾಬಿಗೆ ಕೊಡಿ. ಯಾವ ಮಿಕ್ಸ್‌ನಿಂದ ತುಂಬಬೇಕು ಅಂತ ನೀವೇ ತೋರಿಸಿ. ಕ್ಯೂಬಿಗೆ ಅಂತಲೇ ಸಿಮೆಂಟು ಜಾಸ್ತಿ ಹಾಕಿ ಬೇರೆ ಕಲಸುವವರೂ ಇದ್ದಾರೆ!

ಸಂಜೆ_ಕಾಫಿ
ಮೇಲಿನ ಬಾತ್‌ರೂಮು ಮರೆತಿರಿ ಎಲ್ಲರೂ. ಹಳೇ ತಾರಸಿ ಸಮತಟ್ಟಾಗಿರುತ್ತದೆ, ಪೈಪ್ ಹೋಗಲು ತಗ್ಗು ಇರುವುದಿಲ್ಲ. ಹಾಗಾಗಿ ಬಾತ್‌ರೂಮ್ ನೆಲ ಎತ್ತರಿಸುತ್ತಾರೆ. ಎತ್ತರಿಸಲು ಇಟ್ಟಿಗೆ ಚೂರು, ಕಲ್ಲು ತುಂಬಿದರೆ ಸುಮ್ನೆ ಭಾರ. ಹಗುರವಾದ್ದು ತುಂಬಿಸಿ. ಕೆಳಗೆ ಅಡುಗೆಮನೆ, ದೇವರ ಕೋಣೆ ಬರದ ಹಾಗೆ ಜಾಗ ನೋಡಿ. ವಾಟರ್‌ಪ್ರೂಫಿಂಗ್ ಮಾಡಿ ನೀರು ಕಟ್ಟಿ ನಿಲ್ಲಿಸಿ ನೋಡಿದ ಮೇಲೇ ಟೈಲ್ಸ್.

1,000 ಲೀಟರ್ ಟ್ಯಾಂಕ್ ತುಂಬಿದರೆ ಒಂದು ಟನ್. ಅದನ್ನು ಗೋಡೆಗಳು ಕೂಡುವ ಮೂಲೆಯಲ್ಲಿಡಿ, ತಾರಸಿ ಮಧ್ಯ ಬೇಡ.

ಪಾಲಿಸಿ_ಪುಟ
ಹೇಳಿದ ಹಾಗೆ ಬಂದೆ.

ಕಟ್ಟುವಾಗಿನ ಪಾಲಿಸಿಗೆ ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್ ಅಂತಾರೆ. ಎರಡು ಭಾಗ. ಒಂದು, ಕಟ್ಟುತ್ತಿರುವ ಕೆಲಸಕ್ಕೇ ಆಗುವ ಹಾನಿ. ಎರಡು, ಹೊರಗಿನವರ ಪ್ರಾಣ, ಆಸ್ತಿಗೆ ಆಗುವ ಹಾನಿ. ಪಕ್ಕದ ಮನೆಯ ಶೀಟಿನ ಮೇಲೆ ಇಟ್ಟಿಗೆ ಬಿದ್ದರೆ ಎರಡನೇ ಭಾಗ.

ನಿಮ್ಮ ಹಳೇ ನೆಲಮಹಡಿ ಇವೆರಡರಲ್ಲೂ ತಾನಾಗಿ ಬರುವುದಿಲ್ಲ! ಅದು ಕಾಂಟ್ರ್ಯಾಕ್ಟ್ ಕೆಲಸವೂ ಅಲ್ಲ, ಪಾಲಿಸಿ ನಿಮ್ಮ ಹೆಸರಿನಲ್ಲೂ ಇದ್ದರೆ ಹೊರಗಿನವರದ್ದೂ ಅಲ್ಲ. ಅದನ್ನು ಮಾಲೀಕರ ಸುತ್ತಮುತ್ತಲ ಆಸ್ತಿ ಅಂತ ಬೇರೆಯಾಗಿ ಮೊತ್ತ ಹಾಕಿಸಿ ಸೇರಿಸಬೇಕು. ಹಳೇ ಮನೆ ಮೇಲೆ ಕಟ್ಟುವವರಿಗೆ ಇದೇ ಮುಖ್ಯ, ಇದನ್ನೇ ಏಜೆಂಟರು ಬಿಟ್ಟುಬಿಡುತ್ತಾರೆ. ಆಧಾರ ಸಡಿಲವಾಗಿ ಆಗುವ ಹಾನಿ, ಅದುರುವಿಕೆಯಿಂದ ಆಗುವ ಹಾನಿ ಸೇರಿದೆಯಾ ಅಂತಲೂ ಬರಹದಲ್ಲಿ ಕೇಳಿ. ಪಾಲಿಸಿ ಮಾಲೀಕರು ಮತ್ತು ಕಾಂಟ್ರ್ಯಾಕ್ಟರ್ ಇಬ್ಬರ ಹೆಸರಿನಲ್ಲೂ ಇರಲಿ.

ಇಲ್ಲೂ ಕಳಪೆ ಕೆಲಸದ ಕಥೆ ಅದೇ. ಕೆಟ್ಟದಾಗಿ ಹಾಕಿದ ಬೀಮ್ ಬಿದ್ದು ಪಕ್ಕದ ಸರಿಯಾದ ಗೋಡೆ ಒಡೆದರೆ ಗೋಡೆಯ ಖರ್ಚು ಬರಬಹುದು. ಬೀಮ್ ಮತ್ತೆ ಹಾಕುವ ಖರ್ಚು ಬರುವುದಿಲ್ಲ.

ಕೂಲಿಯವರು ಈ ಪಾಲಿಸಿಯ "ಹೊರಗಿನವರು" ಅಲ್ಲ. ಅವರಿಗೆ ಕಾರ್ಮಿಕರ ಪರಿಹಾರದ ಪಾಲಿಸಿ ಬೇರೆ ಬೇಕು. ಲೇಬರ್ ಕಾಂಟ್ರ್ಯಾಕ್ಟ್ ಕೊಟ್ಟಾಗ "ಮೇಸ್ತ್ರಿ ನೋಡಿಕೊಳ್ಳುತ್ತಾನೆ" ಅಂದುಕೊಳ್ಳುತ್ತೇವೆ. ಸಾರುವೆಯಿಂದ ಒಬ್ಬರು ಬಿದ್ದ ದಿನ ಮೇಸ್ತ್ರಿ ಹತ್ತಿರವೂ ಏನೂ ಇರುವುದಿಲ್ಲ, ಬಡವನ ಮನೆಗೆ ಹೋಗುವುದು ಖಾಲಿ ಕೈ. ಪ್ರೀಮಿಯಂ ನೀವೇ ಕಟ್ಟಿದರೂ ಪರವಾಗಿಲ್ಲ, ಮಾಡಿಸಿ.

ಕಳ್ಳತನದ ಬಗ್ಗೆ ಒಂದು ಮಾತು. ಭಾರತ್ ಗೃಹ ರಕ್ಷಾದಲ್ಲಿ ಕಳ್ಳತನಕ್ಕೆ ಸಿಗುವುದು ಬೆಂಕಿ, ಪ್ರವಾಹದಂಥ ಘಟನೆ ಆದ 7 ದಿನದೊಳಗೆ ಕದ್ದರೆ ಮಾತ್ರ. ಮನೆ ತುಂಬ ಹೊರಗಿನ ಜನ ಓಡಾಡುವಾಗ ಆಗುವ ಕಳ್ಳತನಕ್ಕೆ ಅದು ಆಗುವುದಿಲ್ಲ.

ಕೆಲಸ ಮುಗಿದ ಮೇಲೆ ಹೊಸ ಮಹಡಿಯ ಕಾರ್ಪೆಟ್ ಏರಿಯಾ ಸೇರಿಸಿ ಮೊತ್ತ ಹೆಚ್ಚಿಸಿಕೊಳ್ಳಿ. ಈ ಪಾಲಿಸಿಯಲ್ಲಿ ಮೊತ್ತ ಅಂದರೆ ಏರಿಯಾ ಗುಣಿಸು ಕಟ್ಟುವ ಖರ್ಚು. ಸೈಟಿನ ಬೆಲೆ ಸೇರಿಸಬೇಡಿ, ಭೂಮಿ ಸುಟ್ಟು ಹೋಗುವುದಿಲ್ಲ.

ಕುಡ್ಲದ_ಕೆಂಪುಕಲ್ಲು
ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಸೇರಿಸುತ್ತೇನೆ. ನಾವು ಮನೆ ಅಗಲ ಮಾಡಬೇಕಾದರೆ ಹಿಂದಿನ ಬರೆ (ಗುಡ್ಡದ ಇಳಿಜಾರು) ಕಡಿಯುತ್ತೇವೆ. ಆ ಮಳೆಗಾಲ ಹೇಗೋ ಕಳೆಯುತ್ತದೆ, ಮುಂದಿನದಕ್ಕೆ ಮಣ್ಣು ಅಡುಗೆಮನೆಯೊಳಗೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳೇ ಇಳಿದದ್ದನ್ನು ನೋಡಿದ್ದೇವೆ. ಭೂಕುಸಿತಕ್ಕೆ ವಿಮೆ ಇದೆ ಅಂತ ನಂಬಿ ಕೂತರೆ, ನೀವೇ ಅಗೆಸಿದ್ದು ಕಾರಣ ಅಂತ ನಷ್ಟ ಅಳೆಯಲು ಬರುವ ವಿಮೆಯ ಸರ್ವೇಯರ್ ಬರೆದರೆ ಪಾಲಿಸಿ_ಪುಟ ಅವರು ಹೇಳಿದ ಸಣ್ಣಕ್ಷರಕ್ಕೇ ಬಂದು ನಿಲ್ಲುತ್ತದೆ. ಬರೆ ಕಡಿಯಲೇಬೇಕು ಅಂದರೆ ತಡೆಗೋಡೆ, ಅದರಲ್ಲಿ ನೀರು ಹೋಗುವ ತೂತು, ಮೇಲೆ ಚರಂಡಿ, ಇವು ಜೂನ್‌ಗೆ ಮೊದಲೇ ಮುಗಿಯಬೇಕು.

ನಂಜನಗೂಡು_ನಾನು
ಕಟ್ಟಿ 5 ವರ್ಷದೊಳಗೆ ಬಿರುಕು ಬಿಟ್ಟರೆ ಕಾಂಟ್ರ್ಯಾಕ್ಟರೇ ಸರಿಮಾಡಿಕೊಡಬೇಕು ಅಂತ ರೇರಾ ಕಾನೂನು ಇದೆಯಲ್ಲ?

ಕೋರ್ಟು_ಕಟ್ಟೆ
ಅದು 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 14ನೇ ಕಲಂ. ಫ್ಲ್ಯಾಟ್, ಲೇಔಟ್ ಮಾಡಿ ಮಾರುವ ಪ್ರಮೋಟರ್‌ಗಳಿಗೆ. ನಿಮ್ಮ ಸ್ವಂತ ಮನೆ ಮೇಲೆ ನೀವು ಕಟ್ಟಿಸಿದರೆ ಅದು ಅನ್ವಯಿಸುವುದಿಲ್ಲ. ಬಹಳ ಜನ ಇದನ್ನು ನಂಬಿ ಕೂತಿರುತ್ತಾರೆ.

ನಿಮಗಿರುವ ದಾರಿ 2019ರ ಗ್ರಾಹಕ ರಕ್ಷಣಾ ಕಾಯ್ದೆ. ಅದರಲ್ಲಿ ಮನೆ ಕಟ್ಟಿಕೊಡುವುದೂ ಸೇವೆಯೇ. ಕೊಟ್ಟ ಹಣ 50 ಲಕ್ಷದ ತನಕ ಇದ್ದರೆ ಜಿಲ್ಲಾ ಆಯೋಗ, 5 ಲಕ್ಷದ ತನಕ ಫೀಸೂ ಇಲ್ಲ. 2 ವರ್ಷದೊಳಗೆ ಹೋಗಬೇಕು. ಆದರೆ ಕೈಯಲ್ಲಿ ಕಾಗದ ಇರಬೇಕಲ್ಲ? ಚದರಕ್ಕಿಷ್ಟು ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡು, ನಗದು ಕೊಟ್ಟು, ವಾಟ್ಸಾಪ್‌ನಲ್ಲಿ ಕೈಮುಗಿದರೆ ಆಯೋಗಕ್ಕೆ ಏನು ತೋರಿಸುತ್ತೀರಿ?

ಒಪ್ಪಂದದಲ್ಲಿ ಡ್ರಾಯಿಂಗ್ ನಂಬರ್, ಸಿಮೆಂಟ್ ಮತ್ತು ಕಂಬಿಯ ಗ್ರೇಡ್, ಯಾವ ಹಂತಕ್ಕೆ ಎಷ್ಟು ದುಡ್ಡು, ಕ್ಯೂಬ್ ಫೇಲಾದರೆ ಖರ್ಚು ಯಾರದ್ದು, ಇವಿಷ್ಟು ಬರೆಸಿ. ಕೊನೆಯ ಕಂತಿನಲ್ಲಿ ಒಂದು ಭಾಗವನ್ನು ಒಂದು ಮಳೆಗಾಲ ಕಳೆಯುವ ತನಕ ಹಿಡಿದಿಡಿ. ಕಾಯ್ದೆಗಿಂತ ಜಾಸ್ತಿ ಕೆಲಸ ಮಾಡುವುದು ಅದೇ.

ಪಾಲಿಕೆಯಿಂದ ನಕ್ಷೆ ಮಂಜೂರು ಮಾಡಿಸದೆ ಕಟ್ಟಬೇಡಿ. ಮುಂದೆ ಕ್ಲೇಮ್ ಬಂದರೆ ಸರ್ವೇಯರ್ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೇ ದೂರು, ಆಮೇಲೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳುವ ಅಧಿಕಾರಿ). ಅಲ್ಲಿ ವಕೀಲರ ಅಗತ್ಯವಿಲ್ಲ. ನಾನೇ ವಕೀಲ, ಆದರೂ ಹೇಳುತ್ತಿದ್ದೇನೆ.

ಹಳೇಕಾಲ_ಹನುಮ
ಒಪ್ಪಂದ, ಮಳೆಗಾಲದ ತನಕ ದುಡ್ಡು ಹಿಡಿಯುವುದು, ಇದು ಸರಿ. ಟೆಸ್ಟ್‌ಗಳ ಬಗ್ಗೆ ನನ್ನ ಮಾತು ಬದಲಾಗಿಲ್ಲ. ಆದರೆ ಗುಂಡಿ ತೆಗೆದು ಪಾಯ ನೋಡಲು ಖರ್ಚೇನೂ ಇಲ್ಲ, ಅದನ್ನು ಮಾಡಿಸಿ.

ಮೈಸೂರು_ಮಾಳಿಗೆ
ಎಲ್ಲರಿಗೂ ಥ್ಯಾಂಕ್ಸ್. ಸದ್ಯಕ್ಕೆ ಮೇಸ್ತ್ರಿಗೆ ಅಡ್ವಾನ್ಸ್ ಕೊಡುವುದನ್ನು ನಿಲ್ಲಿಸಿದ್ದೇವೆ. ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಭಾನುವಾರ ಬಂದು ಪಾಯ ನೋಡುತ್ತಾರೆ. ವಿಮಾ ಕಂಪನಿಗೆ ಇಮೇಲ್ ಹಾಕಿದ್ದೇನೆ. "ಹಳೇ ಮನೆಯನ್ನೂ ಸೇರಿಸಿ ಕೊಡುತ್ತೀರಾ" ಅಂತ ಏಜೆಂಟರನ್ನು ಕೇಳಿದೆ, ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಅಂದರು.

ಒಂದು ಪ್ರಶ್ನೆ ಉಳಿದಿದೆ. ಪಕ್ಕದ ಮನೆಯವರ ಗೋಡೆಯಲ್ಲಿ ಈಗಾಗಲೇ ಬಿರುಕುಗಳಿವೆ. ನಾಳೆ ಅದನ್ನೂ ನಮ್ಮ ತಲೆಗೆ ಕಟ್ಟಿದರೆ?

ಪಾಲಿಸಿ_ಪುಟ
ಕೆಲಸ ಶುರುವಾಗುವ ಮೊದಲು ಅವರ ಮನೆಗೆ ಹೋಗಿ, ಅವರ ಎದುರೇ ಪ್ರತಿ ಬಿರುಕಿನ ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಮತ್ತು ಅವತ್ತಿನ ಪೇಪರ್ ಇಟ್ಟು. ಪ್ರಿಂಟ್ ಹಾಕಿಸಿ ಇಬ್ಬರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಹೊರಗಿನವರ ಹಾನಿಯ ಕ್ಲೇಮ್ ಬಂದಾಗ ಕಂಪನಿಯೂ ಅದನ್ನೇ ಕೇಳುತ್ತದೆ.

ಸಂಜೆ_ಕಾಫಿ
ಹೋಗುವಾಗ ಕೈಯಲ್ಲಿ ಸ್ವಲ್ಪ ಮೈಸೂರ್ ಪಾಕ್ ಇರಲಿ ಮೇಡಂ. ಸಹಿ ಬೇಗ ಬೀಳುತ್ತದೆ.